ಎಡಗೈ ಎತ್ತುವ ಪದ್ಧತಿ ಹಾಗೂ ನಮ್ಮ ಮೇಡಂ ಅವರ ಕುರಿತು

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಈ ಬರಹವು ಕಳೆದ ತಿಂಗಳು ಜಗಳೂರಿನಲ್ಲಿ ನಿಧನರಾದ ಒಬ್ಬ ಮೇಡಂ ಅವರಿಗೆ ಸಂಬಂಧಿಸಿದ್ದಾಗಿರುತ್ತದೆ. ಅವರ ಹೆಸರನ್ನು ಪ್ರಕಟಿಸದಿರುವಂತೆ ಅವರ ಅಕ್ಕನವರು ಕೋರಿದ್ದಾರೆ. ಕಾರಣ ತಿಳಿಸಿರುವುದಿಲ್ಲ, ನಾನೂ ಕೇಳಿರುವುದಿಲ್ಲ. ಆದುದರಿಂದ ಮುಂದೆ ಎಲ್ಲ ಕಡೆಯೂ ಅವರನ್ನು ಮೇಡಂ ಎಂದೇ ಸೂಚಿಸಲಾಗಿದೆ. ಅವರು ಬದುಕಿದ್ದಾಗಲೂ ನಾವು ಹಾಗೆಯೇ ಕರೆಯುತ್ತಿದ್ದುದರಿಂದ ಇದರಿಂದ ಯಾವುದೇ ವ್ಯತ್ಯಾಸ ಉಂಟಾಗುವುದಿಲ್ಲ.

ನಾನು ಹೊನ್ನಾಳಿ ತಾಲ್ಲೂಕಿನ ನದಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸುವ ಸಹಶಿಕ್ಷಕ. ಇದುವರೆಗೆ ನಾನು ಬರೆದಿರುವುದು ರಜೆ ಅರ್ಜಿ, ವರದಿ, ವಿವರಣೆ ಮತ್ತು ಅವುಗಳ ಜ್ಞಾಪನೆಗಳು ಮಾತ್ರ. ಮೇಡಂ ಅವರ ನೆನಪಿಗೆ ಪುಸ್ತಕ ತರುತ್ತಿರುವ ಸ್ನೇಹಿತರು ದೂರವಾಣಿ ಮಾಡಿ, ಸ್ವಲ್ಪ ಭಾವಪೂರ್ಣವಾಗಿ ಬರೆದುಕೊಡುವಂತೆ ಸೂಚಿಸಿದರು. ಆ ಬಗ್ಗೆ ಯಾವುದೇ ಮಾದರಿಯನ್ನು ಕಳುಹಿಸಲಿಲ್ಲ. ಲೋಪದೋಷಗಳಿದ್ದಲ್ಲಿ ಅವು ನನ್ನವು ಎಂದು ಭಾವಿಸತಕ್ಕದ್ದು.

ಮೇಡಂ ಅವರು ಬಿಳಿಚೋಡು ಕಡೆಯವರು. ಜಗಳೂರು ತಾಲ್ಲೂಕಿನಲ್ಲಿ ಬಹಳ ವರ್ಷ ವಿಜ್ಞಾನ ಬೋಧಿಸಿದವರು. ಪ್ರೌಢಶಾಲೆಗಳಲ್ಲಿ ಬೋಧನೆಯನ್ನೂ ಕಲಿಕೆಯನ್ನೂ ಹೇಗೆ ಉತ್ತಮಪಡಿಸಬಹುದು ಎಂಬ ಒಂದು ಅಧ್ಯಯನಕ್ಕೆ ಅವರನ್ನು ನಿಯೋಜಿಸಲಾಗಿತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ತಲಾ ಒಂದು ಶಾಲೆಯ ಒಂಬತ್ತನೇ ತರಗತಿಯನ್ನು ಅವರು ಒಂದು ಶೈಕ್ಷಣಿಕ ವರ್ಷ ಪೂರ್ತಿ ನೋಡಬೇಕಿತ್ತು. ಚೆನ್ನಾಗಿ ಬಂದಲ್ಲಿ ಅಧ್ಯಯನವನ್ನು ಇನ್ನಷ್ಟು ಶಾಲೆಗಳಿಗೆ ವಿಸ್ತರಿಸುವುದಾಗಿ ತಿಳಿಸಲಾಗಿತ್ತು. ಹೊನ್ನಾಳಿ ತಾಲ್ಲೂಕಿನಿಂದ ನಮ್ಮ ಶಾಲೆ ಆಯ್ಕೆಯಾಯಿತು. ನಾವು ಅರ್ಜಿ ಸಲ್ಲಿಸಿರಲಿಲ್ಲ.

ಅವರು ಮೊದಲ ದಿನ ಸಾಸ್ವೆಹಳ್ಳಿಯಲ್ಲಿ ಬಸ್ ಇಳಿದು, ಅಲ್ಲಿಂದ ಯಾವುದೋ ಟ್ರ್ಯಾಕ್ಟರಿನವರನ್ನು ಕೇಳಿಕೊಂಡು ಶಾಲೆಗೆ ಬಂದರು. ಅಧಿಕಾರಿಗಳು ಕಾರಿನಲ್ಲಿ ಬರುವರೆಂದು ನಮ್ಮ ಮುಖ್ಯೋಪಾಧ್ಯಾಯರು ಗೇಟಿನ ಕಡೆಗೇ ನೋಡುತ್ತಿದ್ದುದರಿಂದ, ಟ್ರೇಲರ್ ಹಿಂದಿನಿಂದ ಇಳಿದವರನ್ನು ಯಾರೋ ಪೋಷಕರೆಂದು ತಿಳಿದು ಹೊರಗಿನ ಬೆಂಚಿನ ಮೇಲೆ ಕೂರಿಸಲಾಯಿತು. ಒಂದು ಪಿರಿಯಡ್ ಮುಗಿಯುವವರೆಗೆ ಅವರು ಅಲ್ಲಿಯೇ ಕುಳಿತಿದ್ದರು. ವಿಷಯ ತಿಳಿದು ಮುಖ್ಯೋಪಾಧ್ಯಾಯರು ಕ್ಷಮೆ ಕೋರಿದಾಗ ಮೇಡಂ, "ಚಲೋ ಆತು ಬಿಡ್ರಿ. ಇಲ್ಲಿ ಕುಂತ್ರೆ ಮೂರೂ ಕ್ಲಾಸಿನ ದನಿ ಕೇಳ್ತೈತೆ. ಮೂರರಾಗೂ ಮೇಷ್ಟ್ರ ದನಿನೇ ಐತೆ," ಎಂದರು. ಇದು ಪ್ರಶಂಸೆಯೆಂದು ನಾವು ಆ ದಿನ ತಿಳಿದುಕೊಂಡೆವು.

ಅವರು ಗಿಡ್ಡ ಆಳು. ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುವರು. ಶಿಕ್ಷಕರ ಕುರ್ಚಿಯನ್ನು ಎಷ್ಟು ಸಲ ಮುಂದೆ ತಳ್ಳಿದರೂ ಕೂರುವುದಿಲ್ಲ. ಕೊನೆಯ ಬೆಂಚಿನಲ್ಲಿ ಹುಡುಗಿಯರ ನಡುವೆ ಜಾಗ ಮಾಡಿಕೊಳ್ಳುವರು. ಕುಳಿತಾಗ ಅವರ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಪಾಠ ಸಪ್ಪೆಯಾಗಿದ್ದಲ್ಲಿ ಕಾಲುಗಳು ನಿಧಾನವಾಗಿ ತೂಗುತ್ತಿದ್ದವು. ಈ ಸಂಗತಿ ನಾಲ್ಕೂ ಶಾಲೆಗಳ ಶಿಕ್ಷಕರಿಗೆ ಬೇಗ ತಿಳಿಯಿತು. ನಾವೆಲ್ಲರೂ ಬೋರ್ಡಿನ ಕಡೆ ತಿರುಗುವ ಮುನ್ನ ಒಮ್ಮೆ ಕೊನೆಯ ಬೆಂಚಿನ ಕೆಳಗೆ ನೋಡುವುದನ್ನು ರೂಢಿಸಿಕೊಂಡೆವು.

ಅಧ್ಯಯನದ ಸಾಮಗ್ರಿ ಎಂದರೆ ಎರಡು ಬಟ್ಟೆ ಚೀಲಗಳು. ಒಂದರಲ್ಲಿ ಹುಣಸೆ ಬೀಜ, ಇನ್ನೊಂದರಲ್ಲಿ ಗುಲಗಂಜಿ. ಪಾಠದ ನಡುವೆ ಶಿಕ್ಷಕರು ಒಂದು ಪ್ರಶ್ನೆ ಕೇಳಿದರೆ ಒಂದು ಹುಣಸೆ ಬೀಜವನ್ನು ಬೆಂಚಿನ ಮೇಲೆ ಇಡುವರು. ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಿದರೆ ಒಂದು ಗುಲಗಂಜಿ. ಪಿರಿಯಡ್ ಮುಗಿದ ಮೇಲೆ ಎರಡೂ ರಾಶಿಗಳನ್ನು ಶಿಕ್ಷಕರಿಗೆ ತೋರಿಸುವರು. ಇದಕ್ಕಿಂತ ಹೆಚ್ಚಿನ ವಿಮರ್ಶೆ ಇರುತ್ತಿರಲಿಲ್ಲ. ನನ್ನ ಮೊದಲ ಪಾಠದ ಕೊನೆಯಲ್ಲಿ ಬೆಂಚಿನ ಮೇಲೆ ಹುಣಸೆ ಬೀಜದ ದೊಡ್ಡ ರಾಶಿಯೇ ಇತ್ತು. ಗುಲಗಂಜಿ ಚೀಲದ ದಾರವನ್ನು ಬಿಚ್ಚಿಯೇ ಇರಲಿಲ್ಲ.

"ಪಾಠ ಹೆಂಗಿತ್ತು ಮೇಡಂ?" ಎಂದು ಕೇಳಿದೆ.

"ಹುರಿದ್ರೆ ಒಂದು ಮನೆಗೆ ಆಗ್ತೈತೆ ಸರ್," ಎಂದರು.

ನಾನು ಪಾಠದಲ್ಲಿ ಅನೇಕ ಬಾರಿ 'ಅರ್ಥ ಆಯ್ತಾ?' ಎಂದು ಕೇಳಿದ್ದೆ. ಮಕ್ಕಳೂ ಪ್ರತಿ ಬಾರಿ 'ಆಯ್ತು ಸಾ' ಎಂದಿದ್ದರು. ಅದನ್ನು ಗಮನಕ್ಕೆ ತಂದಾಗ ಮೇಡಂ, "ಅದನ್ನ ಲೆಕ್ಕಕ್ಕೆ ಹಿಡಿಯಲ್ಲ ಸರ್. ಅದು ಕೆಮ್ಮಿದಂಗೆ," ಎಂದರು. ಅಂದಿನಿಂದ ನನಗೆ ಆ ವಾಕ್ಯವನ್ನು ಸರಾಗವಾಗಿ ಹೇಳುವುದು ಸಾಧ್ಯವಾಗಿರುವುದಿಲ್ಲ.

ಇತರ ಶಾಲೆಗಳ ಅನುಭವಗಳನ್ನೂ ಇಲ್ಲಿ ಸಂಕ್ಷಿಪ್ತವಾಗಿ ನಮೂದಿಸುವುದು ಸೂಕ್ತ. ಚನ್ನಗಿರಿ ತಾಲ್ಲೂಕಿನ ಶಾಲೆಯಲ್ಲಿ, ಮೇಡಂ ಬರುವ ದಿನಕ್ಕೆಂದು ಯಾರಿಗೆ ಯಾವ ಪ್ರಶ್ನೆ ಎಂಬುದನ್ನು ಸಾಲಾಗಿ ಹಂಚಿ, ಉತ್ತರಗಳನ್ನು ಕಂಠಪಾಠ ಮಾಡಿಸಲಾಗಿತ್ತು. ಅಂದು ಕೆರೆಬಿಳಚಿಯಿಂದ ಬರುವ ಒಬ್ಬ ವಿದ್ಯಾರ್ಥಿಗೆ ಬಸ್ ತಪ್ಪಿತು. ಅವನ ಸರದಿ ಬಂದಾಗ ಮುಂದಿನವನು ಎದ್ದು ನಿಂತ. ಹೃದಯಕ್ಕೆ ಎಷ್ಟು ಕೋಣೆಗಳು ಎಂದು ಕೇಳಿದ್ದಕ್ಕೆ 'ಮೂತ್ರಪಿಂಡ' ಎಂದ. ಅಲ್ಲಿಂದ ಮುಂದೆ ಎಲ್ಲ ಉತ್ತರಗಳೂ ಒಂದೊಂದು ಸ್ಥಾನ ಸರಿದು ಕೊನೆಯವರೆಗೂ ಹಾಗೆಯೇ ಬಂದವು. ಶಿಕ್ಷಕರು ಪ್ರತಿ ಉತ್ತರಕ್ಕೂ 'ಗುಡ್' ಎಂದರು. ಮೇಡಂ ಹೊರಡುವಾಗ, "ಸರ್, ನಿಮ್ಮ ಹುಡುಗ್ರು ನಿಮಗಿಂತ ಒಂದು ಪ್ರಶ್ನೆ ಮುಂದೆ ಅದಾರೆ," ಎಂದಷ್ಟೇ ಹೇಳಿ ಬಸ್ಸಿಗೆ ಹೋದರಂತೆ.

ನ್ಯಾಮತಿ ಕಡೆಯ ಶಾಲೆಯಲ್ಲಿ ಬೇರೆಯದೇ ಆಯಿತು. ಪ್ರಶ್ನೆ ಕೇಳಿದ ಮೇಲೆ ಮಕ್ಕಳು ಯೋಚಿಸುವಷ್ಟು ಹೊತ್ತು ಸುಮ್ಮನಿರಬೇಕೆಂದು ಮೇಡಂ ಸಲಹೆ ನೀಡಿದ್ದರು. ಅಲ್ಲಿನ ಸಮಾಜ ವಿಜ್ಞಾನ ಶಿಕ್ಷಕರು ಅದನ್ನು ಅಕ್ಷರಶಃ ಪಾಲಿಸಿ, ಪ್ರಶ್ನೆ ಕೇಳಿ ಮೇಜಿನ ಅಂಚು ಹಿಡಿದು ನಿಂತುಕೊಂಡರು. ಆ ದಾರಿಯಲ್ಲಿ ಹೋಗುತ್ತಿದ್ದ ಅಲ್ಲಿನ ಮುಖ್ಯೋಪಾಧ್ಯಾಯರು ಬಾಗಿಲಲ್ಲಿ ಇಣುಕಿ, ತರಗತಿ ನಿಶ್ಶಬ್ದವಾಗಿರುವುದನ್ನೂ ಶಿಕ್ಷಕರು ಮೇಜು ಹಿಡಿದಿರುವುದನ್ನೂ ಕಂಡು, ನೀರು ತರಿಸಿ, ಅವರನ್ನು ಕೂರಿಸಿ, ಅಂಗಿಯ ಮೇಲಿನ ಗುಂಡಿ ಬಿಚ್ಚಿಸಿದರು. ತಾವು ಮಕ್ಕಳಿಗಾಗಿ ಕಾಯುತ್ತಿರುವುದಾಗಿ ಶಿಕ್ಷಕರು ಎಷ್ಟು ಹೇಳಿದರೂ ನಂಬದೆ ಅರ್ಧ ದಿನದ ರಜೆ ಮಂಜೂರು ಮಾಡಿದರು.

ಇನ್ನು ಮುಖ್ಯ ವಿಷಯಕ್ಕೆ ಬರುವುದಾದರೆ, ನಮ್ಮ ಶಾಲೆಯಲ್ಲಿ ಹಿಂದಿನಿಂದಲೂ ಒಂದು ಪದ್ಧತಿ ಜಾರಿಯಲ್ಲಿತ್ತು. ತಪಾಸಣೆಗೆ ಯಾರಾದರೂ ಬಂದಾಗ ಶಿಕ್ಷಕರು ಪ್ರಶ್ನೆ ಕೇಳಿದರೆ ಎಲ್ಲ ವಿದ್ಯಾರ್ಥಿಗಳೂ ಕೈ ಎತ್ತತಕ್ಕದ್ದು. ಉತ್ತರ ಗೊತ್ತಿರುವವರು ಬಲಗೈ, ಗೊತ್ತಿಲ್ಲದವರು ಎಡಗೈ. ಬಂದವರಿಗೆ ಇಡೀ ತರಗತಿಯೇ ಕೈ ಎತ್ತಿದಂತೆ ಕಾಣುತ್ತದೆ. ಶಿಕ್ಷಕರು ಬಲಗೈಯವರನ್ನು ಮಾತ್ರ ಏಳಿಸತಕ್ಕದ್ದು. ಇದನ್ನು ಯಾರು ಆರಂಭಿಸಿದರೆಂಬುದಕ್ಕೆ ದಾಖಲೆ ಇಲ್ಲ. ನಾನು ವರ್ಗವಾಗಿ ಬರುವುದಕ್ಕೆ ಮೊದಲೇ ಅನೇಕ ತಪಾಸಣೆಗಳು ಇದರಿಂದ ತೃಪ್ತಿಕರವಾಗಿ ಮುಗಿದಿದ್ದವು.

ಮೇಡಂ ಅವರನ್ನೂ ತಪಾಸಣೆಯವರೆಂದೇ ಮಕ್ಕಳು ತಿಳಿದಿದ್ದರು. ಎರಡನೇ ಸಲ ಬಂದಾಗ ಅವರ ಪಕ್ಕದಲ್ಲಿ ಚೈತ್ರ ಎಂಬ ಹುಡುಗಿ ಕುಳಿತಿದ್ದಳು. ನಾನು ಪ್ರಶ್ನೆ ಕೇಳುತ್ತಿದ್ದಂತೆ ಎಲ್ಲರೂ ಕೈ ಎತ್ತಿದರು. ಚೈತ್ರಳೂ ಎತ್ತಿದಳು. ಮುಂದಿನ ಸಂಭಾಷಣೆ ಇಡೀ ತರಗತಿಗೆ ಕೇಳಿಸಿತು.

"ನೀನು ಎಡಚೇನಮ್ಮ?"

"ಅಲ್ಲ ಮೇಡಂ. ನನಗೆ ಗೊತ್ತಿಲ್ಲ."

"ಎಡಚೋ ಅಲ್ವೋ ಗೊತ್ತಿಲ್ವಾ?"

"ಉತ್ತರ ಗೊತ್ತಿಲ್ಲ ಮೇಡಂ. ಗೊತ್ತಿಲ್ದೋರು ಈ ಕೈ ಎತ್ಬೇಕು."

ಮೇಡಂ ಎದ್ದು ನಿಂತು ತರಗತಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನೋಡಿದರು. ನಾನು ಸೀಮೆಸುಣ್ಣವನ್ನು ಕೆಳಗಿಟ್ಟೆ. ಇಂತಹ ಸಂದರ್ಭದಲ್ಲಿ ಏನು ಮಾಡಬೇಕೆಂಬ ಬಗ್ಗೆ ಸೂಚನೆಗಳಿರಲಿಲ್ಲ.

ವಿರಾಮದಲ್ಲಿ ವಿಷಯ ಮುಖ್ಯೋಪಾಧ್ಯಾಯರಿಗೆ ತಲುಪಿತು. ಅವರು ಚಹಾ, ಮಂಡಕ್ಕಿ, ಮಿರ್ಚಿ ತರಿಸಿ, ಮೇಡಂ ಅವರ ಎದುರು ಕುಳಿತು, ಪದ್ಧತಿಯನ್ನು ತಕ್ಷಣದಿಂದ ಕೈಬಿಡುವುದಾಗಿ ತಿಳಿಸಿದರು.

"ಬಿಡಬ್ಯಾಡ್ರಿ," ಎಂದರು ಮೇಡಂ. "ನಾನು ಇಷ್ಟು ವರ್ಷದಾಗೆ ಇಂಥ ಪದ್ಧತಿ ಎಲ್ಲೂ ನೋಡಿಲ್ಲ. ಗೊತ್ತಿಲ್ದೋರು ತಾವಾಗೇ ಕೈ ಎತ್ತೋ ಶಾಲೆ ಎಲ್ಲೈತ್ರಿ?"

"ಮೇಡಂ, ನೀವು ಹಂಗೆ ಅಂದ್ರೆ..."

"ಹಂಗಂದ್ರೆ ಹಂಗೇ ರೀ. ಸಾಹೇಬ್ರು ಬಂದಾಗ ಮಾತ್ರ ಯಾಕೆ, ದಿನಾ ಮಾಡ್ರಿ. ಒಂದೇ ಬದಲಾವಣೆ. ನೀವು ಬಲಗೈನ ಕೇಳ್ತೀರಿ. ಎಡಗೈನ ಕೇಳ್ರಿ."

"ಗೊತ್ತಿಲ್ದೋರನ್ನ ಏನಂತ ಕೇಳಾದು?"

"ಎಲ್ಲಿಗಂಟ ಗೊತ್ತೈತೆ ಅಂತ."

ಮುಖ್ಯೋಪಾಧ್ಯಾಯರು ನನ್ನ ಮುಖ ನೋಡಿದರು. ನಾನು ಮಿರ್ಚಿ ತೆಗೆದುಕೊಂಡೆ.

ಆ ಮಧ್ಯಾಹ್ನ ಮೇಡಂ ಒಂಬತ್ತನೇ ತರಗತಿಯ ಮುಂದೆ ನಿಂತು ಮಕ್ಕಳಿಗೆ ಒಂದು ಮಾತು ಕೊಟ್ಟರು. ಮುಂದೆ ನಡೆದುದೆಲ್ಲ ಈ ಮಾತಿನಿಂದಲೇ ಆದುದರಿಂದ ಅದನ್ನು ಇದ್ದಂತೆಯೇ ಬರೆಯುತ್ತೇನೆ. "ಎಡಗೈ ಎತ್ತಿದ್ರೆ ಯಾರೂ ಬೈಯಂಗಿಲ್ಲ, ಹೊಡಿಯಂಗಿಲ್ಲ, ಹೊರಗೆ ಹಾಕಂಗಿಲ್ಲ. ಇದು ನನ್ನ ಮಾತು." ಮಕ್ಕಳು 'ಆಯ್ತು ಮೇಡಂ' ಎಂದರು. ಅವರು ಎಲ್ಲದಕ್ಕೂ ಹಾಗೆಯೇ ಎನ್ನುತ್ತಿದ್ದುದರಿಂದ, ಮಾತು ಅವರಿಗೆ ತಲುಪಿತೇ ಇಲ್ಲವೇ ಎಂಬುದು ಆ ದಿನ ಸ್ಪಷ್ಟವಾಗಲಿಲ್ಲ.

ಕೆಲವು ವಾರಗಳ ನಂತರ ಸ್ಪಷ್ಟವಾಯಿತು. ನಾನು ಋಣ ಸಂಖ್ಯೆಗಳ ಗುಣಾಕಾರ ಪುನರಾವರ್ತನೆ ಮಾಡುತ್ತಿದ್ದೆ. ಚೈತ್ರಳ ಎಡಗೈ ಮೇಲಿತ್ತು. ಎಲ್ಲಿಗಂಟ ಗೊತ್ತೈತೆ ಎಂದು ಸೂಚನೆಯಂತೆ ಕೇಳಿದೆ. ಅವಳು ಎದ್ದು, "ಸಾ, ಎರಡೂ ಋಣ ಇದ್ರೆ ಗುಣಿಸಿದಾಗ ಧನ ಹೆಂಗಾಗ್ತೈತೆ? ಇಲ್ಲದ್ದು ಇಲ್ಲದ್ದು ಸೇರಿ ಇರೋದು ಹೆಂಗಾಗ್ತೈತೆ?" ಎಂದಳು. ಕೊನೆಯ ಬೆಂಚಿನಲ್ಲಿ ಗುಲಗಂಜಿ ಚೀಲದ ದಾರ ಬಿಚ್ಚಿಕೊಂಡಿತು. ಅದು ನಿಯಮ ಎಂದು ನಾನು ಉತ್ತರಿಸಿದೆ. ಕೈ ಕೆಳಗಿಳಿಯಲಿಲ್ಲ.

ಪಾಠ ಮುಗಿದ ಮೇಲೆ ಮೇಡಂ ನನ್ನ ಬಳಿಗೆ ಬಂದು ಮೆಲ್ಲಗೆ ಕೇಳಿದರು: "ನಿಮಗೆ ಎಲ್ಲಿಗಂಟ ಗೊತ್ತೈತೆ ಸರ್?"

"ನಿಯಮದವರೆಗೆ ಮೇಡಂ," ಎಂದು ಇದ್ದದ್ದನ್ನು ತಿಳಿಸಿದೆ.

"ಹಂಗಾದ್ರೆ ಆ ಹುಡುಗಿ ನೀವು ನಿಂತಲ್ಲೇ ನಿಂತಾಳೆ. ಮುಂದೆ ಇಬ್ಬರೂ ಜೊತೆಗೆ ಹೋಗ್ರಿ."

ಭಾನುವಾರ ನಾನು ನದಿಯ ಮೆಟ್ಟಿಲುಗಳ ಮೇಲೆ ಕುಳಿತು ಇದೇ ವಿಷಯ ಯೋಚಿಸಿದೆ. ಮಳೆಗಾಲ ಮುಗಿದು ನೀರು ಇಳಿಯುತ್ತಿತ್ತು. ದಿನಕ್ಕೆ ಒಂದು ಮೆಟ್ಟಿಲು ಇಳಿಯುವ ನೀರು, ದಿನಗಳನ್ನು ಹಿಂದಕ್ಕೆ ಎಣಿಸಿದರೆ ಮೇಲಿನ ಮೆಟ್ಟಿಲಲ್ಲಿ ಇದ್ದಿರಲೇಬೇಕು. ಇಳಿಯುವುದು ಋಣ, ಹಿಂದಕ್ಕೆ ಹೋಗುವುದೂ ಋಣ, ನೀರು ಮಾತ್ರ ಮೇಲೆ. ಸೋಮವಾರ ಇದನ್ನು ಬೋರ್ಡಿನ ಮೇಲೆ ಮೆಟ್ಟಿಲುಗಳ ಸಹಿತ ಬರೆದು ವಿವರಿಸಿದೆ. ಒಂದು ಎಡಗೈ ಕೆಳಗಿಳಿದು ಆ ಹುಡುಗನ ಬಲಗೈ ಮೇಲೆದ್ದಿತು. ಆಮೇಲೆ ಇನ್ನೊಂದು. ಚೈತ್ರ ಬಹಳ ಹೊತ್ತು ಬೋರ್ಡನ್ನು ನೋಡುತ್ತಿದ್ದು, ಕೊನೆಗೆ ಕೈ ಬದಲಾಯಿಸಿದಳು. ನಾನು ಸೇವೆಗೆ ಸೇರಿದಂದಿನಿಂದ ತರಗತಿಯಲ್ಲಿ ಒಬ್ಬರಿಗೆ ತಿಳಿಯುವುದನ್ನು ಕಣ್ಣಿಂದ ನೋಡಿರಲಿಲ್ಲ. ಬೋರ್ಡನ್ನು ಒರೆಸದೆ ಹಾಗೆಯೇ ಬಿಟ್ಟೆ. ಮುಂದಿನ ಪಿರಿಯಡಿನ ಹಿಂದಿ ಶಿಕ್ಷಕರು ಆಕ್ಷೇಪಿಸಿದರು.

ಪದ್ಧತಿಯು ಹೀಗೆ ಚೆನ್ನಾಗಿ ನಡೆಯುತ್ತಿತ್ತು. ವರ್ಷದ ಕೊನೆಯ ವೇಳೆಗೆ ಎಡಗೈಗಳು ಕಡಿಮೆಯಾಗಿದ್ದವು, ಆದರೆ ಮುಗಿದಿರಲಿಲ್ಲ. ತೊಂದರೆ ಬಂದುದು ಅಲ್ಲಿಂದ. ಯಾರಿಗೆ ಗೊತ್ತಿಲ್ಲ ಎಂಬುದು ಮೊದಲು ನಮ್ಮ ಶಾಲೆಯಲ್ಲಿ ಯಾರಿಗೂ ಕಾಣುತ್ತಿರಲಿಲ್ಲ. ಈಗ ಕಿಟಕಿಯ ಬಳಿ ನಿಂತರೆ ಕಾಣುತ್ತಿತ್ತು. ಮುಖ್ಯೋಪಾಧ್ಯಾಯರು ನಿಂತರು.

ಅವರ ಬಗ್ಗೆ ತಪ್ಪು ಅಭಿಪ್ರಾಯ ಬರಬಾರದು. ಅವರು ಮಕ್ಕಳಿಗೆ ಗದರಿದವರಲ್ಲ. ಹಿಂದಿನ ವರ್ಷ ಹತ್ತನೇ ತರಗತಿ ಫಲಿತಾಂಶ ಕಡಿಮೆ ಬಂದುದಕ್ಕೆ ಅವರಿಗೆ ಮೆಮೊ ಬಂದಿತ್ತು, ನಿವೃತ್ತಿ ಹತ್ತಿರದಲ್ಲಿತ್ತು. ಅವರು ಮೇಡಂ ಅವರನ್ನೂ ನನ್ನನ್ನೂ ಕೊಠಡಿಗೆ ಕರೆಸಿ, ಇನ್ನೂ ಎಡಗೈ ಎತ್ತುತ್ತಿರುವವರ ಪೋಷಕರನ್ನು ಕರೆದು, ಹತ್ತನೇ ತರಗತಿಯನ್ನು ಖಾಸಗಿಯಾಗಿ ಕಟ್ಟಿಸುವಂತೆ ಹೇಳುವುದಾಗಿ ತಿಳಿಸಿದರು. ಖಾಸಗಿಯಾಗಿ ಕಟ್ಟಿದವರು ಶಾಲೆಗೆ ಬರುವಂತಿಲ್ಲ, ಮನೆಯಲ್ಲಿ ಓದಿಕೊಂಡು ಪರೀಕ್ಷೆ ಬರೆಯಬೇಕು. ಅವರು ಫೇಲಾದರೆ ಅದು ಶಾಲೆಯ ಫಲಿತಾಂಶಕ್ಕೆ ಸೇರುವುದಿಲ್ಲ.

"ಮನೇಲಿ ಯಾರು ಓದ್ತಾರ್ರಿ?" ಎಂದರು ಮೇಡಂ. "ಆ ಚೈತ್ರನ ಅಪ್ಪ ಆಗಲೇ ಹೇಳ್ಯಾನೆ. ಅತ್ತಿಗೆ ಬಾಣಂತಿ, ಕೂಸು ಆಡಿಸಾಕೆ ಆಳು ಬೇಕು ಅಂತ. ಒಂದು ಸಲ ಮನೇಲಿ ಕುಂತ್ರೆ ಅಷ್ಟೇ."

"ನಾನೇನು ರಾಕ್ಷಸನೇನ್ರಿ ಮೇಡಂ? ನನಗೂ ಗೊತ್ತಾಗ್ತೈತೆ."

"ನಾನು ಹುಡುಗ್ರಿಗೆ ಮಾತು ಕೊಟ್ಟೀನ್ರಿ."

"ಮಾತು ಕೊಟ್ಟೋರು ನೀವು. ಮೆಮೊ ಬರೋದು ನನಗೆ."

"ಹೌದ್ರಿ," ಎಂದರು ಮೇಡಂ. ಮುಖ್ಯೋಪಾಧ್ಯಾಯರಿಗೆ ಆಜ್ಞೆ ಮಾಡುವ ಅಧಿಕಾರ ಅವರಿಗೆ ಇರಲಿಲ್ಲ. ಇದ್ದಂತೆ ನಟಿಸುವ ಅಭ್ಯಾಸವೂ ಇರಲಿಲ್ಲ. ಚಹಾ ಬಂದಿತ್ತು, ಕುಡಿದರು.

ಅಲ್ಲಿಂದ ಅವರು ನೇರವಾಗಿ ಒಂಬತ್ತನೇ ತರಗತಿಗೆ ಹೋದರು. ನಾನೂ ಹಿಂದೆ ಹೋದೆ. ಮಕ್ಕಳ ಮುಂದೆ ನಿಂತು ಮೇಡಂ ತಮ್ಮ ಎಡಗೈಯನ್ನು ಮೇಲೆತ್ತಿದರು. ಸೆರಗು ಜಾರಿತು, ಬಲಗೈಯಿಂದ ಸರಿಮಾಡಿಕೊಂಡರೇ ಹೊರತು ಎಡಗೈ ಇಳಿಸಲಿಲ್ಲ.

"ಈ ಕೈ ಎತ್ತಿದ್ರೆ ಏನೂ ಆಗಲ್ಲ ಅಂದಿದ್ದೆ. ಏನಾಗ್ತೈತೆ ಅಂತ ನನಗೆ ಗೊತ್ತಿರಲಿಲ್ಲ. ಈ ಕೈ ಎತ್ತಿದೋರನ್ನ ಹತ್ತನೇ ಕ್ಲಾಸಿಗೆ ಇಲ್ಲಿ ಸೇರಿಸ್ಕಳ್ಳಲ್ಲ ಅಂತ ಅಂದಾರೆ. ತಪ್ಪು ನಂದು. ಇನ್ನು ಮುಂದೆ ಯಾರೂ ಎತ್ತಬ್ಯಾಡ್ರಿ."

ಮಕ್ಕಳು 'ಆಯ್ತು ಮೇಡಂ' ಎನ್ನಲಿಲ್ಲ. ಮೊದಲ ಬೆಂಚಿನಲ್ಲಿ ಮನೋಜ ಎಂಬ ಹುಡುಗ ಇದ್ದ. ತರಗತಿಗೆ ಅವನೇ ಮೊದಲಿಗ; ವರ್ಷದಲ್ಲಿ ಒಮ್ಮೆಯೂ ಎಡಗೈ ಎತ್ತಿದವನಲ್ಲ. ಅವನು ಕೇಳಿದ: "ಮೇಡಂ, ಎಷ್ಟು ಜನ ಎತ್ತಿದ್ರೆ ಸೇರಿಸ್ಕಳ್ಳಲ್ಲ?"

"ಅದು ನನಗೆ ಗೊತ್ತಿಲ್ಲಪ್ಪ," ಎಂದರು ಮೇಡಂ. ಕೈ ಇನ್ನೂ ಮೇಲೆಯೇ ಇತ್ತು.

ಹೊರಗೆ ಬಂದ ಮೇಲೆ ಮೇಡಂ ಅವರಿಗೆ ನನ್ನ ಅನುಮಾನ ತಿಳಿಸಿದೆ. ಇನ್ನು ಮಕ್ಕಳು ನಿಜ ಹೇಳುವುದಿಲ್ಲ, ನಿಮ್ಮ ಅಧ್ಯಯನದ ಗತಿ ಏನು ಎಂದು ಕೇಳಿದೆ. "ಅಧ್ಯಯನ ನಂದು ಸರ್. ಹತ್ತನೇ ಕ್ಲಾಸು ಅವರ್ದು," ಎಂದು ಚಪ್ಪಲಿ ಹಾಕಿಕೊಂಡರು.

ಮಾರನೆಯ ದಿನ ಪೋಷಕರನ್ನು ಕರೆಯುವ ಮುನ್ನ ಮುಖ್ಯೋಪಾಧ್ಯಾಯರು ಖಾತ್ರಿಪಡಿಸಿಕೊಳ್ಳಲು ತಾವೇ ತರಗತಿಗೆ ಬಂದರು. ಅವರು ಪಾಠ ಮಾಡಿ ವರ್ಷಗಳಾಗಿದ್ದವು. ಆದರೂ ಸೀಮೆಸುಣ್ಣ ಹಿಡಿಯುತ್ತಲೇ ಅವರ ದನಿ ದೊಡ್ಡದಾಯಿತು. ಮೇಡಂ ಎಂದಿನಂತೆ ಕೊನೆಯ ಬೆಂಚಿನಲ್ಲಿ, ಚೈತ್ರಳ ಪಕ್ಕ ಇದ್ದರು. ನಾನು ಬಾಗಿಲಲ್ಲಿದ್ದೆ.

"ಋಣ ಐದರಾಗೆ ಋಣ ಮೂರು ಕಳೆದ್ರೆ ಎಷ್ಟು? ಕೈ ಎತ್ರಿ."

ಸ್ವಲ್ಪ ಹೊತ್ತು ಯಾವ ಕೈಯೂ ಏಳಲಿಲ್ಲ. ಅನಂತರ ಮನೋಜ ಎಡಗೈ ಎತ್ತಿದ. ಅವನ ಪಕ್ಕದವನು ಅವನನ್ನು ನೋಡಿ ಎಡಗೈ ಎತ್ತಿದ. ಹಾಗೆಯೇ ಹಿಂದಕ್ಕೆ ಹೋಗುತ್ತಾ ಹೋಗುತ್ತಾ ಇಡೀ ತರಗತಿಯ ಎಡಗೈಗಳು ಮೇಲೆದ್ದವು. ಮುಖ್ಯೋಪಾಧ್ಯಾಯರು ಮೊದಲು ತಮ್ಮ ಬಲ ಯಾವುದು, ಮಕ್ಕಳ ಬಲ ಯಾವುದು ಎಂದು ತಿರುಗಿ ನಿಂತು ಪರೀಕ್ಷಿಸಿಕೊಂಡರು.

"ಏನೋ ಮನೋಜ, ನಿನಗೂ ಗೊತ್ತಿಲ್ವೇನೋ?"

"ಇಲ್ಲ ಸಾ."

"ಕಿರುಪರೀಕ್ಷೆಯಾಗೆ ಇದನ್ನೇ ಬರ್ದಿದ್ಯಲ್ಲೋ."

"ಮರ್ತೋತು ಸಾ."

"ಒಂದೇ ವಾರಕ್ಕೆ?"

"ಹೂಂ ಸಾ. ಪೂರ್ತಿ ಮರ್ತೋತು."

ಮುಖ್ಯೋಪಾಧ್ಯಾಯರು ಕೊನೆಯ ಬೆಂಚಿಗೆ ನಡೆದರು. ಚೈತ್ರಳನ್ನು ಏಳಿಸಿದರು. ಅವಳ ಎಡಗೈ ಎಲ್ಲರಿಗಿಂತ ನೆಟ್ಟಗಿತ್ತು.

"ನೀನು ಹೇಳವ್ವ. ನಿನಗಂತೂ ಗೊ‌ತ್ತಿಲ್ಲ ಅಂತ ನನಗೆ ಗೊತ್ತು."

"ಋಣ ಎರಡು ಸಾ."

ಮುಖ್ಯೋಪಾಧ್ಯಾಯರು ಬೋರ್ಡಿನ ಕಡೆ ನೋಡಿದರು, ಬಾಯಲ್ಲಿ ಲೆಕ್ಕ ಮಾಡಿದರು, ನನ್ನನ್ನು ನೋಡಿದರು. ಸರಿ ಇದೆ ಎಂದು ನಾನು ತಲೆಯಾಡಿಸಿದೆ.

"ಗೊತ್ತಿದ್ರೆ ಈ ಕೈ ಯಾಕೆ ಎತ್ತಿದೆ?"

"ಎಲ್ಲರೂ ಎತ್ತಿದ್ರು ಸಾ."

ಮೇಡಂ ಹುಣಸೆ ಬೀಜದ ಚೀಲವನ್ನೂ ಗುಲಗಂಜಿ ಚೀಲವನ್ನೂ ತೆಗೆದುಕೊಂಡು, ಎರಡರ ದಾರವನ್ನೂ ಸೇರಿಸಿ ಒಂದೇ ಗಂಟು ಹಾಕಿದರು. ಅವರು ಸಂತೋಷಪಟ್ಟರೆಂದು ಬರೆಯಲು ನನಗೂ ಇಷ್ಟವಿತ್ತು. ನಾನು ಕಂಡಂತೆ ಅವರ ಮುಖ ಬೆಳೆ ಹಾಳಾದವರ ಮುಖದಂತೆ ಇತ್ತು.

ಹೊರಗೆ ವರಾಂಡದಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ತಡೆದರು. "ಇದನ್ನ ನೀವು ಹೇಳಿಕೊಟ್ರೇನ್ರಿ?"

"ಇಲ್ಲ ಸರ್. ಹೇಳಿಕೊಟ್ರೆ ನನ್ನ ಅಧ್ಯಯನ ಹಾಳಾಗ್ತೈತೆ."

"ಈಗ?"

"ಈಗಲೂ ಹಾಳಾತು."

ಮುಖ್ಯೋಪಾಧ್ಯಾಯರು ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು ಆಟದ ಮೈದಾನವನ್ನು ನೋಡಿದರು. ಅಲ್ಲಿ ನೋಡುವಂತಹದ್ದು ಏನೂ ಇರಲಿಲ್ಲ. ಅನಂತರ ನನ್ನ ಕಡೆ ತಿರುಗಿ, "ಎಲ್ಲರ ಹೆಸರೂ ಕಳಿಸ್ರಿ ಹತ್ತನೇ ಕ್ಲಾಸಿಗೆ. ಇವರಾಗೆ ಯಾರನ್ನ ಬಿಡೋದು ಅಂತ ಆ ದೇವರಿಗೂ ಗೊತ್ತಾಗಂಗಿಲ್ಲ. ಮೆಮೊ ಬಂದ್ರೆ ಉತ್ತರ ಮಾತ್ರ ನೀವೇ ಬರೀಬೇಕು," ಎಂದರು. ಬರೆಯುವುದಾಗಿ ಒಪ್ಪಿಕೊಂಡೆ. ಮರುವರ್ಷ ಮೆಮೊ ಬಂತು, ಬರೆದೆ. ನಾನು ಬರೆದ ವಿವರಣೆಗಳಲ್ಲಿ ಅದು ದೀರ್ಘವಾದದ್ದು. ಮುಖ್ಯೋಪಾಧ್ಯಾಯರು ಅದನ್ನು ಓದದೆ ಸಹಿ ಮಾಡಿ, ಆ ವರ್ಷವೇ ನಿವೃತ್ತರಾದರು.

ಅಧ್ಯಯನದ ಪರಿಶೀಲನಾ ಸಭೆ ಚನ್ನಗಿರಿಯಲ್ಲಿ ನಡೆಯಿತು. ನಾಲ್ಕೂ ಶಾಲೆಗಳಿಂದ ಒಬ್ಬೊಬ್ಬ ಶಿಕ್ಷಕರು ಹಾಜರಿರಬೇಕೆಂದು ಸೂಚನೆ ಇದ್ದುದರಿಂದ ನಾನೂ ಹೋಗಿದ್ದೆ. ಮೇಡಂ ಮೂರು ಶಾಲೆಗಳ ವಿವರವನ್ನು ಮಂಡಿಸಿ ಕುಳಿತರು. ಅಧ್ಯಕ್ಷತೆ ವಹಿಸಿದ್ದವರು ನಾಲ್ಕನೆಯದು ಎಲ್ಲಿ ಎಂದು ಕೇಳಿದರು.

"ಅದನ್ನ ಬಿಟ್ಟೀನ್ರಿ ಸರ್. ಅಲ್ಲಿ ಕೊನೇಲಿ ಹುಡುಗ್ರು ಎತ್ತಿದ ಕೈ ನಂಬಾಕೆ ಬರಲ್ಲ."

"ಅಲ್ಲಮ್ಮ, ಅಲ್ಲೇ ಚೆನ್ನಾಗಿ ಆಗಿದೆ ಅಂತ ನೀವೇ ಮೊದಲು ಬರೆದಿದ್ದೀರಿ. ಅಂದಾಜಿಗೆ ಒಂದು ಹಾಕಿಕೊಡಿ. ನಾಲ್ಕು ಇಲ್ಲದಿದ್ದರೆ ವಿಸ್ತರಣೆಗೆ ಕಳಿಸೋಕೆ ಆಗೋಲ್ಲ."

"ಅಂದಾಜು ಹಾಕಿದ್ರೆ ಅದು ನನ್ನ ಕೈ ಆಗ್ತೈತ್ರಿ, ಹುಡುಗ್ರ ಕೈ ಆಗಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಮ್ಮ ಇಷ್ಟ ಎಂದರು. ವಿಸ್ತರಣೆ ಆಗಲಿಲ್ಲ. ನಿಯೋಜನೆ ಮುಗಿಯಿತು. ಮೇಡಂ ಜಗಳೂರು ತಾಲ್ಲೂಕಿನ ತಮ್ಮ ಶಾಲೆಗೆ ಹಿಂದಿರುಗಿ ಎಂದಿನಂತೆ ವಿಜ್ಞಾನ ಪಾಠ ಮಾಡತೊಡಗಿದರು. ಅಂದು ಸಭೆಯಿಂದ ಹೊರಬಂದು ಅವರು ಮಾಡಿದ ಮೊದಲ ಕೆಲಸವೆಂದರೆ ನ್ಯಾಮತಿಯ ಶಿಕ್ಷಕರ ಆರೋಗ್ಯ ವಿಚಾರಿಸಿದ್ದು.

ಆಮೇಲೆ ನಾನು ಅವರನ್ನು ಕಂಡದ್ದು ಒಮ್ಮೆ ಮಾತ್ರ, ಹತ್ತನೇ ತರಗತಿ ಫಲಿತಾಂಶ ಬಂದ ಮೇಲಿನ ದಿನಗಳಲ್ಲಿ, ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ. ಯಾರದೋ ಮದುವೆಗೆ ಬಂದಿದ್ದರು. ತೀರ ಸಣಕಲಾಗಿದ್ದರು. ಆರೋಗ್ಯದ ವಿಷಯ ಕೇಳಲು ನಾನು ವಾಕ್ಯ ಜೋಡಿಸಿಕೊಳ್ಳುತ್ತಿರುವಾಗಲೇ ಅವರು ಕೇಳಿದರು.

"ಆ ಹುಡುಗಿ ಏನಾದ್ಲು ಸರ್?"

"ಗಣಿತದಾಗೆ ಹೋತು ಮೇಡಂ. ಸ್ವಲ್ಪದ್ರಾಗೆ. ಮನೋಜ ತಾಲ್ಲೂಕಿಗೇ..."

"ಮನೋಜ ಬಿಡ್ರಿ. ಅವಳು ಮತ್ತೆ ಕಟ್ಟ್ಯಾಳ?"

"ಕಟ್ಟ್ಯಾಳೆ. ಪರೀಕ್ಷೆ ಮುಂದಿನ ತಿಂಗಳು. ಸಂಜೆ ಬರ್ತಾಳೆ, ಹೇಳಿಕೊಡ್ತಿದೀನಿ. ಪಾಸಾಗ್ತಾಳೋ ಇಲ್ವೋ ಹೇಳಾಕೆ ಆಗಲ್ಲ."

ದಾವಣಗೆರೆ ಬಸ್ ಬಂದು ನಿಂತಿತ್ತು, ಜನ ಹತ್ತುತ್ತಿದ್ದರು.

"ವರ್ಷ ಪೂರ್ತಿ ಶಾಲೆಗೆ ಬಂದ್ಲಾ?"

"ಬಂದ್ಲು ಮೇಡಂ."

"ಯಾರೂ ಹೊರಗೆ ಹಾಕಲಿಲ್ವಲ್ಲ?"

"ಇಲ್ಲ ಮೇಡಂ. ಯಾರನ್ನೂ ಹಾಕಲಿಲ್ಲ."

"ಹಂಗಾದ್ರೆ ಆತು," ಎಂದು ಬಸ್ ಹತ್ತಿದರು. ಒಳಗೆ ಸೀಟು ಇರಲಿಲ್ಲ. ಕಂಬಿ ಹಿಡಿದು ನಿಂತುಕೊಂಡರು. ಅದು ಅವರಿಗೆ ಸರಿಯಾಗಿ ಎಟುಕುತ್ತಿರಲಿಲ್ಲ.

ಮುಂದುವರಿದು ತಿಳಿಸುವುದೇನೆಂದರೆ, ಆ ಅಧ್ಯಯನದ ವರದಿ ಈಗಲೂ ಲಭ್ಯವಿದ್ದು, ಅದರಲ್ಲಿ ಮೂರು ಶಾಲೆಗಳ ವಿವರ ಮಾತ್ರ ಇರುತ್ತದೆ. ನಮ್ಮ ಶಾಲೆಯ ಪ್ರಸ್ತಾಪ ಇರುವುದಿಲ್ಲ. ಮೇಡಂ ಅವರ ಕೆಲಸದಿಂದ ಏನು ಪ್ರಯೋಜನವಾಯಿತೆಂದು ಅದನ್ನು ಓದುವವರು ಕೇಳಬಹುದು. ಆ ಒಂಬತ್ತನೇ ತರಗತಿಯ ಮಕ್ಕಳೆಲ್ಲರೂ, ಒಬ್ಬರನ್ನೂ ಬಿಡದಂತೆ, ಮುಂದಿನ ಜೂನ್ ತಿಂಗಳಲ್ಲಿ ನಮ್ಮ ಶಾಲೆಯ ಹತ್ತನೇ ತರಗತಿಯ ಕೊಠಡಿಯಲ್ಲಿ ಬಂದು ಕುಳಿತರು. ಇದನ್ನು ತಿಳಿಸಬೇಕಾದವರು ತಿಳಿಸದೆ ಬಿಟ್ಟಿರುವುದರಿಂದ, ನಾನು ತಿಳಿಸಿರುತ್ತೇನೆ.